ಕೊಕ್ಕೆಗೆ ನೇತುಬಿದ್ದ ನಾಯಿ

ಮನೆಯವರಿಗೆ ತಿಳಿಯದಂತೆ, ಮೆಚ್ಚಿದವನ ಜೊತೆ ರಾತ್ರೋರಾತ್ರಿ ಹೊರಟು ನಿಂತಿದ್ದಾಳೆ ಇಸಬೆಲ್ಲ. ಆಗ ಅವಳ ಕಣ್ಣೆದುರು ಅವನು ಮಾಡಿದ ಮೊದಲ ಕೆಲಸವೆಂದರೆ ಅವಳ ಮುದ್ದಿನ ನಾಯಿ ಫ್ಯಾನಿಯನ್ನು ಕರವಸ್ತ್ರದಲ್ಲಿ ಕಟ್ಟಿ ಕೊಕ್ಕೆಗೆ ನೇತುಹಾಕಿದ್ದು. ಅದನ್ನು ನೋಡಿಯೂ ಅವಳು ಹೋದಳು.

ಅವನ ಹೆಸರು ಹೀತ್‌ಕ್ಲಿಫ್. 1847ರಲ್ಲಿ ಪ್ರಕಟವಾದ ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಕಾದಂಬರಿಯವನು. ಕ್ರೌರ್ಯವನ್ನೇ ಪ್ರೇಮವಾಗಿ ತೋರಿಸುವ ಇಂದಿನ ‘ಡಾರ್ಕ್ ರೊಮ್ಯಾನ್ಸ್’ ಕಾದಂಬರಿಗಳ ನಾಯಕರಿಗೆಲ್ಲ ಮುತ್ತಾತ. ಮುಂದೊಂದು ದಿನ ಇವನೇ ಹೆಂಡತಿಯ ಎದುರಿಗೇ ಆಡಿಕೊಳ್ಳುತ್ತಾನೆ: ಇವಳು ನನ್ನನ್ನು ಕಥೆಯ ನಾಯಕನೆಂದು ಭಾವಿಸಿ ಬಂದಳು, ನಾಯಿಗೆ ನೇಣು ಬಿಗಿದದ್ದು ಕಂಡರೂ ಭ್ರಮೆ ಇಳಿಯಲಿಲ್ಲ, ಎಂದು. ಓದುಗರಿಗೆ ಕೊಡಬೇಕಾದ ಎಚ್ಚರಿಕೆಯನ್ನು ಲೇಖಕಿ ಖಳನ ಬಾಯಲ್ಲೇ ಹೇಳಿಸಿದ್ದಾರೆ. ಆದರೂ ಅವನನ್ನು ಕನಸಿನ ಪ್ರೇಮಿಯೆಂದು ಎದೆಗೊತ್ತಿಕೊಂಡವರಿಗೆ ಲೆಕ್ಕವಿಲ್ಲ.

ಅವನ ಮರಿಮಕ್ಕಳು ಈಗ ಪುಸ್ತಕದಂಗಡಿಯ ಮುಂದಿನ ಸಾಲಿನಲ್ಲೇ ಇದ್ದಾರೆ. 2021ರ ‘ಹಾಂಟಿಂಗ್ ಅಡಲಿನ್’ ಕಾದಂಬರಿಯಲ್ಲಿ ನಾಯಕ ನಾಯಕಿಯ ಬೆನ್ನು ಬೀಳುತ್ತಾನೆ, ಕದ್ದು ಮನೆಯೊಳಗೆ ನುಗ್ಗುತ್ತಾನೆ, ಗುಲಾಬಿ ಇಟ್ಟು ಹೋಗುತ್ತಾನೆ. ಒಲ್ಲದ ಹೆಣ್ಣಿನ ಬೆನ್ನು ಬೀಳುವುದು ನಮ್ಮ ಕಾನೂನಿನಲ್ಲಿ 2013ರಿಂದ ಅಪರಾಧ. ಪುಸ್ತಕದಲ್ಲಿ ಅದೇ ಪ್ರೇಮದ ಪೀಠಿಕೆ.

ಇವನ್ನು ಓದುವವರು ದಡ್ಡರೇನಲ್ಲ. ಭಯವನ್ನು ಭದ್ರವಾದ ಜಾಗದಲ್ಲಿ ಕೂತು ಚಪ್ಪರಿಸುವುದು ಮನುಷ್ಯರ ಹಳೆಯ ಚಟ. ಬೇಡವೆನಿಸಿದಾಗ ಪುಸ್ತಕ ಮುಚ್ಚಿಟ್ಟು ದೀಪ ಆರಿಸಬಹುದು. ಅದಕ್ಕಿಂತ ಹೆಚ್ಚಾಗಿ, ಓದುವವಳಿಗೆ ಮೊದಲೇ ಒಂದು ಭರವಸೆ ಸಿಕ್ಕಿರುತ್ತದೆ: ಕೊನೆಯ ಪುಟದಲ್ಲಿ ನಾಯಕ ನಾಯಕಿಯ ಕಾಲಿಗೆ ಬೀಳುತ್ತಾನೆ. ನಡುವೆ ಒಂದೊಂದು ಅಧ್ಯಾಯ ಅವನ ಮನಸ್ಸನ್ನೇ ಬಿಚ್ಚಿ ತೋರಿಸುತ್ತದೆ. ಕೈ ಎತ್ತಿದರೂ ಒಳಗಿರುವುದು ಪ್ರೀತಿಯೇ ಎಂದು ಓದುವವಳಿಗೆ ಖಾತ್ರಿ. ಆ ಖಾತ್ರಿ ಇರುವುದರಿಂದಲೇ ಮುನ್ನೂರು ಪುಟಗಳ ಹಿಂಸೆ ಸಹ್ಯವಾಗುತ್ತದೆ.

ಬದುಕಿನಲ್ಲಿ ಅಂಥ ಅಧ್ಯಾಯ ಯಾರೂ ಬರೆದುಕೊಡುವುದಿಲ್ಲ. ಆದರೂ ಕಾದಂಬರಿಯ ಹೆಸರೇ ಕೇಳದ ನಮ್ಮ ಹಿರಿಯರು ಈ ಕಥೆಯನ್ನು ಅಡುಗೆಮನೆಯಲ್ಲಿ ಎಷ್ಟು ಸಲ ಹೇಳಿಲ್ಲ! ಕೆನ್ನೆ ಊದಿಸಿಕೊಂಡು ತವರಿಗೆ ಬಂದವಳಿಗೆ ಕಾಫಿ ಕೊಡುತ್ತಾ, ‘ಒಂದು ಮಗು ಆಗ್ಲಿ, ಸರಿ ಹೋಗ್ತಾನೆ ಬಿಡೇ’ ಅನ್ನುತ್ತಾರೆ ದೊಡ್ಡಮ್ಮ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ಇನ್ನೊಬ್ಬರು ದನಿಗೂಡಿಸುತ್ತಾರೆ. ಕೊನೆಯ ಪುಟ ಚೆನ್ನಾಗಿರುತ್ತದೆ, ಅಲ್ಲಿಯವರೆಗೆ ತಡೆದುಕೋ ಎಂಬುದೇ ಎರಡರ ಸಾರ. ಡಾರ್ಕ್ ರೊಮ್ಯಾನ್ಸ್ ನಮಗೆ ಹೊಸದೇನಲ್ಲ. ರಟ್ಟು ಮಾತ್ರ ಹೊಸದು.

ಇಸಬೆಲ್ಲಳ ಕಥೆ ಮುಂದೇನಾಯಿತು? ಹೀತ್‌ಕ್ಲಿಫ್ ಎಸೆದ ಚಾಕು ಅವಳ ಕಿವಿಯ ಕೆಳಗೆ ಗಾಯ ಮಾಡಿತು. ಬಸುರಿ ಹುಡುಗಿ ಹಿಮದಲ್ಲಿ, ತೆಳು ರೇಷ್ಮೆಯ ಉಡುಪಿನಲ್ಲಿ ಓಡಿ ತವರು ಸೇರಿದಳು. ಮದುವೆಯ ಉಂಗುರವನ್ನು ಬೆರಳಿನಿಂದ ಕಿತ್ತು, ಜಜ್ಜಿ, ಉರಿಯುವ ಕೆಂಡದೊಳಗೆ ಹಾಕಿದಳು. ಇನ್ನೊಬ್ಬಳಿಗಾಗಿ ಹೀತ್‌ಕ್ಲಿಫ್ ಪಟ್ಟ ವಿರಹವನ್ನು ಕೊಂಡಾಡುವವರು ಈ ಪುಟದ ಮಾತೆತ್ತುವುದು ಕಡಿಮೆ.

ಇನ್ನೆಂದೂ ಅವನ ಕಣ್ಣಿಗೆ ಬೀಳಬಾರದೆಂದು ಅವಳು ದೂರದೂರಿಗೆ ಗಾಡಿ ಹತ್ತಿದಾಗ ಜೊತೆಗೊಂದು ಜೀವವೂ ಇತ್ತು. ಒಡತಿ ಮರಳಿ ಸಿಕ್ಕ ಖುಷಿಗೆ ಹುಚ್ಚೆದ್ದು ಬೊಗಳುತ್ತಿದ್ದ ಫ್ಯಾನಿ. ಅಂದು ಯಾರೋ ನೋಡಿ ಬಿಡಿಸಿದ್ದರಿಂದ ಬದುಕಿಕೊಂಡ ನಾಯಿ.