ನೇಗಿಲು ಮುಟ್ಟದ ಹುಳಿಸೊಪ್ಪು

ಹುಳಿಸೊಪ್ಪು ಅಥವಾ ಪುಲ್ಲಂಪುರಚಿ ತೋಟದ ಅಂಚು, ಹಿತ್ತಿಲು, ಕಲ್ಲುಚಪ್ಪಡಿಗಳ ಸಂದಿನಲ್ಲಿ ತಾನಾಗಿ ಹರಡುವ ಕಳೆ. ಸಂಸ್ಕೃತದಲ್ಲಿ ಇದು ಚಾಂಗೇರಿ, ಸಸ್ಯಶಾಸ್ತ್ರದಲ್ಲಿ ಆಕ್ಸಾಲಿಸ್ ಕಾರ್ನಿಕುಲೇಟ. ತೊಟ್ಟಿನ ತುದಿಯಲ್ಲಿ ಮೂರು ಎಸಳುಗಳಿರುವುದರಿಂದ ಕ್ಲೋವರ್ ಎಂದು ಭ್ರಮಿಸುವವರುಂಟು. ಕ್ಲೋವರ್ ಅವರೆ, ಕಡಲೆಗಳ ಕುಲದ್ದು, ಇದು ಕಮರಾಕ್ಷಿಯ ಬಳಗದ್ದು. ಮಲೆನಾಡು, ಕರಾವಳಿಗಳಲ್ಲಿ ಇದನ್ನು ಜೀರಿಗೆ, ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಾರೆ. ಚಟ್ನಿಗೆ ಹಾಕಿದರೆ ಹುಣಿಸೆ ಬೇಕಿಲ್ಲ. ಹುಳಿಗೆ ಕಾರಣ ಆಕ್ಸಲೇಟ್. ಮೂತ್ರಪಿಂಡದಲ್ಲಿ ಕಲ್ಲಾಗುವವರಿಗೆ ಇದು ಹಿತವಲ್ಲ.

ಯಾರೂ ಬಿತ್ತದ ಈ ಸೊಪ್ಪು ಧರ್ಮಶಾಸ್ತ್ರದ ಹಳೆಯ ಪ್ರಶ್ನೆಯೊಂದನ್ನು ಕೆದಕುತ್ತದೆ: ಆಹಾರದ ಶುದ್ಧಿ ಇರುವುದು ಸಸ್ಯದಲ್ಲೋ, ಅದು ದೊರೆತ ಬಗೆಯಲ್ಲೋ? ಮನುಸ್ಮೃತಿಯ 6ನೆಯ ಅಧ್ಯಾಯ ವಾನಪ್ರಸ್ಥನಿಗೆ ಉತ್ತ ನೆಲದ ಬೆಳೆಯನ್ನು ನಿಷೇಧಿಸುತ್ತದೆ, ಯಾರೋ ಬಿಸುಟದ್ದಾದರೂ ಸರಿಯೇ. ಹಸಿವಿನಿಂದ ಕಂಗೆಟ್ಟರೂ ಊರೊಳಗೆ ಬೆಳೆದ ಗೆಡ್ಡೆ, ಹಣ್ಣು ಅವನಿಗೆ ಸಲ್ಲವು. ಆದರೆ ನೆಲದಲ್ಲಿ, ನೀರಿನಲ್ಲಿ ಬೆಳೆಯುವ ಸೊಪ್ಪುಗಳಿಗೆ ಅದೇ ಅಧ್ಯಾಯದಲ್ಲಿ ಅನುಮತಿಯಿದೆ. ಕಾಡಂಚಿನ ಹುಳಿಸೊಪ್ಪಿನ ಬಗ್ಗೆ ತಕರಾರಿಲ್ಲ. ಹೊಲದ ಸಾಲಿನಲ್ಲಿ ಕಳೆಯಾಗಿ ಹುಟ್ಟಿದ್ದು? ನೆಲ ಉತ್ತದ್ದು, ಗಿಡ ಬಿತ್ತದ್ದಲ್ಲ. ಅಕ್ಷರಶಃ ಓದಿದರೆ ಅದು ವರ್ಜ್ಯ. ಆದರೆ ನಿಯಮದ ಗುರಿ ಊರಿನ ದುಡಿಮೆಯ ಹಂಗು ಬಿಡುವುದಾದರೆ, ಯಾರ ಶ್ರಮವನ್ನೂ ಬಯಸದ ಕಳೆಯನ್ನು ತಡೆಯಲು ಕಾರಣ ಕಾಣದು. ಎರಡನೆಯ ಓದೇ ಹೆಚ್ಚು ಸಮಂಜಸ. ಭಾದ್ರಪದದ ಋಷಿಪಂಚಮಿಯಲ್ಲಿ ಎತ್ತು ದುಡಿಯದ ನೆಲದ ಆಹಾರವನ್ನಷ್ಟೇ ಉಣ್ಣುವ ವ್ರತವೂ ಇದೇ ವಿಚಾರವನ್ನು ಗೃಹಸ್ಥರ ಮನೆಗೆ ತಂದಿದೆ, ಒಂದು ದಿನದ ಮಟ್ಟಿಗೆ.

ಜೈನರ ಅಳತೆಗೋಲು ಬೇರೆ. ಅಲ್ಲಿ ನೇಗಿಲಿಗಿಂತ ಜೀವದ ಲೆಕ್ಕ ಮುಖ್ಯ. ಸಸ್ಯವೂ ಏಕೇಂದ್ರಿಯ ಜೀವಿ. ಒಂದೇ ಶರೀರದಲ್ಲಿ ಅನಂತ ಜೀವಗಳಿರುವ ಗೆಡ್ಡೆಗಳು ವರ್ಜ್ಯ. ಈ ಗಿಡಕ್ಕೆ ಗೆಡ್ಡೆಯಿಲ್ಲ, ಎಲೆ ಚಿವುಟಿದರೆ ಗಿಡ ಸಾಯುವುದೂ ಇಲ್ಲ. ತೆವಳುವ ಕಾಂಡ ಗಿಣ್ಣುಗಿಣ್ಣಿಗೆ ಬೇರು ಬಿಡುತ್ತದೆ. ಇಷ್ಟಾದರೂ ಮಳೆಗಾಲದ ಚಾತುರ್ಮಾಸದಲ್ಲಿ ನಿಷ್ಠಾವಂತರು ಸೊಪ್ಪನ್ನೇ ಬಿಡುತ್ತಾರೆ, ಎಲೆಗಳ ನಡುವೆ ಕಣ್ಣಿಗೆ ಬೀಳದ ಹುಳುಗಳಿರುತ್ತವೆಂದು. ಹುಳಿಸೊಪ್ಪು ಸೊಂಪಾಗಿ ಚಿಗುರುವುದೂ ಆಗಲೇ.

ಮಾಧ್ವರ ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ. ಸೊಪ್ಪು, ತರಕಾರಿಗಳೊಂದಿಗೆ ಹುಣಿಸೆಯೂ ಅಡುಗೆಮನೆಯಿಂದ ಹೊರಗೆ. ಇಲ್ಲಿ ಉತ್ತದ್ದು, ಉಳದ್ದು ಎಂಬ ಭೇದವಿಲ್ಲ. ಬಿಡುವುದು ಸೊಪ್ಪಿನ ದೋಷಕ್ಕಲ್ಲ, ನಾಲಗೆಯ ನಿಗ್ರಹಕ್ಕೆ. ಆ ತಿಂಗಳ ಸಾರಿಗೆ ಹುಳಿ ಕೊಡುವುದು ಮಾವು.