ಕಾರ್ಖಾನೆಗೂ ಊರಿನ ಋಣವುಂಟೆ?

ಮತ್ತಿಕೆರೆಯಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ವೃದ್ಧರಾದ ದರ್ಜಿಯೊಬ್ಬರಿದ್ದಾರೆ. ಕಾರ್ಖಾನೆಯೊಂದರ ನೌಕರರಿಗೆ ಉಡುಪು ಹೊಲಿದೇ ಮಕ್ಕಳನ್ನು ಓದಿಸಿದವರು. ಆ ಕಾರ್ಖಾನೆ ನಿಂತ ಮೇಲೆ ಒಮ್ಮೆ ನನ್ನೊಡನೆ, “ಒಳಗಿದ್ದವರಿಗೆ ಪರಿಹಾರ ಬಂತು, ಸ್ವಾಮಿ. ನನ್ನ ಹೆಸರು ಯಾವ ಪಟ್ಟಿಯಲ್ಲಿತ್ತು?” ಎಂದರು. ಮಾತಿನಲ್ಲಿ ಕೋಪವಿರಲಿಲ್ಲ, ಆದಕಾರಣವೇ ಅದು ನನ್ನ ಮನಸ್ಸಿನಲ್ಲಿ ನಿಂತಿತು. ಕಾರ್ಖಾನೆಯು ತನ್ನ ಕೆಲಸಗಾರರಿಗಲ್ಲದೆ, ತಾನು ನೆಲೆಸಿದ ಊರಿಗೂ ತೀರಿಸಬೇಕಾದುದೇನಾದರೂ ಉಂಟೆ?

ಕೈಗಾರಿಕೆ ಎಲ್ಲಿ ನೆಲೆಗೊಳ್ಳುವುದೆಂಬುದನ್ನು ಶಾಸ್ತ್ರರೀತಿಯಿಂದ ವಿವೇಚಿಸಿದವರಲ್ಲಿ ಜರ್ಮನಿಯ ಆಲ್ಫ್ರೆಡ್ ವೇಬರನು ಪ್ರಮುಖನು. ಸಾಮಗ್ರಿಯನ್ನು ತರುವ, ಸಿದ್ಧವಸ್ತುವನ್ನು ಒಯ್ಯುವ ವೆಚ್ಚ ಎಲ್ಲಿ ಕಡಮೆಯೋ ಅಲ್ಲಿಗೆ ಕೈಗಾರಿಕೆ ಸೆಳೆಯಲ್ಪಡುವುದು. ಅಗ್ಗದ ಕೂಲಿಯೂ ಒಂದೆಡೆ ಕಲೆತಿರುವುದರ ಸೌಕರ್ಯವೂ ಅದನ್ನು ಅಲ್ಲಿಂದ ಕದಲಿಸಬಹುದು: ಇದು 1909ರ ಅವನ ಗ್ರಂಥದ ತಿರುಳು. ನಮ್ಮ ಭದ್ರಾವತಿ ಈ ಸೂತ್ರಕ್ಕೆ ಒಪ್ಪುವ ಊರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಲು, ಭದ್ರೆಯ ನೀರು ಮೂರೂ ಕೈಗೆಟಕುವಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸಕ್ಕೆ ತೊಡಗಿತು.

ಬೆಂಗಳೂರಿನ ಉತ್ತರಭಾಗದಲ್ಲಿ ಈ ಲೆಕ್ಕ ನಿಲ್ಲದು. ಇಲ್ಲಿ ಅದಿರಿಲ್ಲ, ಕಲ್ಲಿದ್ದಲಿಲ್ಲ, ಬಂದರಿಲ್ಲ, ಹೆಸರಿಸುವಂಥ ಹೊಳೆಯೂ ಇಲ್ಲ. ಆದರೂ ಮತ್ತಿಕೆರೆಯ ಆಚೆ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ಥಾನ್ ಮೆಷೀನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಲೆಯೆತ್ತಿದುವು. ಶಿವನಸಮುದ್ರದ ವಿದ್ಯುತ್ತು 1905ರಲ್ಲಿಯೇ ನಗರಕ್ಕೆ ಬಂದಿತ್ತು. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ, 1909ರಲ್ಲಿ ಸ್ಥಾಪಿತವಾದ ವಿಜ್ಞಾನ ಸಂಸ್ಥೆ ಮತ್ತಿಕೆರೆಗೆ ಕೂಗಳತೆಯಲ್ಲಿತ್ತು. 1940ರಲ್ಲಿ ಆರಂಭವಾದ ವಿಮಾನದ ಕಾರ್ಖಾನೆ ಲೋಹಗೆಲಸ ಬಲ್ಲ ಕೈಗಳನ್ನು ಪಳಗಿಸಿತ್ತು. ಅಂದರೆ, ಪ್ರಕೃತಿ ಕೊಡದಿದ್ದುದನ್ನು ಜನರು ಕೂಡಿ ಮಾಡಿಟ್ಟಿದ್ದರು; ಬಹುಪಾಲು ಅವರ ತೆರಿಗೆಯ ಹಣದಿಂದಲೇ.

ಒಂದು ಕಸಬು ಬಹುಕಾಲ ಒಂದೆಡೆ ನೆಲೆಸಿದರೆ ಅದರ ಮರ್ಮವು ಗುಟ್ಟಾಗಿ ಉಳಿಯದೆ ಊರಿನ ಗಾಳಿಯಲ್ಲಿಯೇ ಬೆರೆಯುವುದೆಂದು ಇಂಗ್ಲೆಂಡಿನ ಮಾರ್ಷಲನು 1890ರಲ್ಲಿಯೇ ಕಂಡಿದ್ದನು. ದೊಡ್ಡ ಕಾರ್ಖಾನೆಗಳಲ್ಲಿ ಕಲಿತು ಹೊರಬಂದು ಪೀಣ್ಯದಲ್ಲಿ ಸ್ವಂತ ಲೇತು ಹೂಡಿದವರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಆ ಗಾಳಿಯೆಂದರೆ ಯಂತ್ರವಿದ್ಯೆಯೊಂದೇ ಅಲ್ಲವಷ್ಟೆ. ಮೊದಲ ಪಾಳಿಗೆ ಹೊರಡುವವನಿಗೆ ನಸುಕಿನಲ್ಲಿ ಕಾಫಿ ಕಾಸಿದವರು, ಪರವೂರಿನ ಹುಡುಗನಿಗೆ ಕೋಣೆ ಬಿಟ್ಟುಕೊಟ್ಟವರು, ಉಡುಪು ಹೊಲಿದವರು ಇವರೂ ಅದರೊಳಗಿದ್ದಾರೆ. ಕಾರ್ಖಾನೆಯ ಜಮಾಖರ್ಚಿನಲ್ಲಿ ಇದಕ್ಕೆ ಅಂಕಣವಿಲ್ಲ.

ಕಾಫಿಗೆ ಕಾಸು ಸಂದಿತು, ಅಂಗಿಗೆ ಕೂಲಿ ಸಂದಿತು, ಋಣವೆಲ್ಲಿಯದು? ಎಂದು ಕೇಳುವವರುಂಟು. ಆದರೆ ನಮ್ಮ ದರ್ಜಿ ಹೊಲಿಗೆಯಂತ್ರಕ್ಕೆ ಸಾಲಮಾಡಿದುದು ಒಂದು ಅಂಗಿಯ ಕೂಲಿಯನ್ನು ನಂಬಿ ಅಲ್ಲ. ಕಾರ್ಖಾನೆ ನಾಳೆಯೂ ಇರುವುದೆಂದು ನಂಬಿ. ಆ ನಂಬಿಕೆಯ ಲಾಭವನ್ನು ಉಂಡವರು ಅದಕ್ಕೆ ತಾವು ಹೊಣೆಯಲ್ಲವೆಂದರೆ ನನಗೆ ಒಪ್ಪಿಗೆಯಾಗದು.

ಇದಕ್ಕಿಂತ ಕಠಿನವಾದ ಆಕ್ಷೇಪವೊಂದುಂಟು. ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ 1961ರಲ್ಲಿ ಜಾಲಹಳ್ಳಿಯಲ್ಲಿ ಕೈಗಡಿಯಾರಗಳ ತಯಾರಿಕೆ ಮೊದಲಾಯಿತು. ದೇಶದ ಮಣಿಕಟ್ಟುಗಳನ್ನೆಲ್ಲ ಒಂದು ಕಾಲಕ್ಕೆ ಆಳಿದ ಆ ಉದ್ಯಮ ಮುಂದೆ ವರ್ಷವರ್ಷವೂ ನಷ್ಟಕ್ಕಿಳಿದು, 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಅದನ್ನು ಮುಚ್ಚಲು ಒಪ್ಪಿತು. ಆ ನಷ್ಟವನ್ನು ಹೊತ್ತ ಬೊಕ್ಕಸದಲ್ಲಿ ಜಾಲಹಳ್ಳಿಯನ್ನು ಕಣ್ಣಿನಿಂದ ಕಾಣದ ಬೀದರಿನ ರೈತನ ಕಾಸೂ ಇತ್ತು. ಮತ್ತಿಕೆರೆಯ ಮೇಲಣ ನನ್ನ ಮಮತೆಗಾಗಿ ಅವನ ಚೀಲಕ್ಕೆ ಕೈಹಾಕುವುದು ಧರ್ಮವೆ? ಪೂರ್ಣವಾದ ಉತ್ತರ ನನ್ನಲ್ಲಿಲ್ಲ. ಕಾರ್ಖಾನೆ ಎಂದೆಂದಿಗೂ ನಿಲ್ಲಬೇಕೆಂದು ನಾನು ಕೇಳಲಾರೆ.

ಹೊರಡುವ ರೀತಿಯ ಮಾತು ಬೇರೆ. ಮುಚ್ಚುವ ಸಂಗತಿಯನ್ನು ಬೀದಿಯ ಅಂಗಡಿಯವನೂ ವರ್ಷಗಳ ಮೊದಲೇ ತಿಳಿಯುವಂತಿರಬೇಕು. ಇನ್ನು ನೆಲ. ದುಡಿಮೆಗೆಂದು ಸಂದ ನೆಲ ದುಡಿಮೆ ನಿಂತಮೇಲೆ ಯಾರದು? ಜಾಲಹಳ್ಳಿಯ ಆ ನೆಲದಲ್ಲಿ ಕಾಡಿನ ಪಾಲುಂಟೆಂದು 2024ರಲ್ಲಿ ರಾಜ್ಯದ ಅರಣ್ಯ ಇಲಾಖೆ ಹಕ್ಕು ಹೂಡಿತು. ಕೇಂದ್ರದ ಕಡೆಯವರು ಒಪ್ಪಲಿಲ್ಲ. ನನಗಾದರೋ, ಸುತ್ತಣ ಊರುಗಳನ್ನೂ ಮೂರನೆಯ ಕಕ್ಷಿಯೆಂದು ಕರೆದು ಕೇಳುವುದು ನ್ಯಾಯವೆಂದು ತೋರುತ್ತದೆ.

ನಮ್ಮ ದರ್ಜಿಯವರು ಈಗ ಕಾಲೇಜಿನ ಹುಡುಗರ ಷರಾಯಿಗಳ ಉದ್ದ ಕಡಮೆಮಾಡಿಕೊಡುತ್ತಾರೆ. ಅಂಗಡಿಯ ಬಾಗಿಲನ್ನು ಮಾತ್ರ ಇಂದಿಗೂ ಮೊದಲ ಪಾಳಿಯ ಹೊತ್ತಿಗೇ ತೆರೆಯುತ್ತಾರೆ.