ಬೆಲೆ ತೆತ್ತ ಮೇಲೂ ಉಳಿಯುವ ಋಣ

ಹಣವನ್ನು ಕೊಟ್ಟು ಸರಕನ್ನು ಕೊಂಡವನಿಗೂ, ಸರಕನ್ನು ಕೊಟ್ಟು ಹಣವನ್ನು ಪಡೆದವನಿಗೂ ಆ ಬಳಿಕ ಪರಸ್ಪರ ಋಣವೇನಾದರೂ ಉಳಿಯುವುದೆ? ವ್ಯವಹಾರದೃಷ್ಟಿಯಿಂದ ನೋಡಿದರೆ ಉಳಿಯಲಾರದು. ಬೆಲೆಯೂ ಸಂದಿತು, ಪದಾರ್ಥವೂ ಸಂದಿತು. ಉಭಯರ ಲೆಕ್ಕವೂ ತೀರಿತು. ತೀರಿದ ಲೆಕ್ಕದಲ್ಲಿ ಬಾಕಿಯನ್ನು ಹುಡುಕುವುದು ಅವಿವೇಕವೆಂದು ವರ್ತಕರೇ ಹೇಳುವರು. ಹೀಗಿದ್ದರೂ, ಒಬ್ಬ ಅಂಗಡಿಯವನು ಅಕಾಲದಲ್ಲಿ ಗತಿಸಿದಾಗ, ಅವನಿಗೆ ಒಂದು ಕಾಸನ್ನೂ ಕೊಡಬೇಕಾಗಿಲ್ಲದ ಜನರು ತಮ್ಮ ಮನೆಯವನೇ ಹೋದನೆಂಬಂತೆ ಮರುಗುವುದುಂಟು. ಈ ಮರುಕವು ಕ್ಷಣಿಕವಾದ ಮನೋವಿಕಾರವೆ, ಅಥವಾ ಲೆಕ್ಕದ ಪುಸ್ತಕಕ್ಕೆ ಸಿಕ್ಕದ ಯಾವುದೋ ಒಂದು ನಿಜವಾದ ಋಣದ ಅರಿವೆ ಎಂಬುದು ವಿಚಾರಾರ್ಹವಾದ ಪ್ರಶ್ನೆಯು. ಸ್ಕಾಟ್ಲೆಂಡಿನಲ್ಲಿ 2016ನೆಯ ಇಸವಿಯಲ್ಲಿ ನಡೆದ ಒಂದು ದಾರುಣಪ್ರಸಂಗವನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಆ ದೇಶದ ಅತಿದೊಡ್ಡ ನಗರವಾದ ಗ್ಲಾಸ್ಗೋವಿನ ದಕ್ಷಿಣಭಾಗದಲ್ಲಿ ಷಾಲೆಂಡ್ಸ್ ಎಂಬ ಬಡಾವಣೆಯಿದೆ. ಅಲ್ಲಿ ವೃತ್ತಪತ್ರಿಕೆಯೇ ಮೊದಲಾದ ನಿತ್ಯೋಪಯೋಗಿ ಪದಾರ್ಥಗಳನ್ನು ಮಾರುವ ಒಂದು ಸಣ್ಣ ಅಂಗಡಿಯಿತ್ತು. ಅದನ್ನು ನಡೆಸುತ್ತಿದ್ದವನು ಪಾಕಿಸ್ತಾನದಿಂದ ಬಂದು ಅಲ್ಲಿ ನೆಲೆಸಿದ, ನಲವತ್ತು ವರ್ಷ ವಯಸ್ಸಿನ ಗೃಹಸ್ಥನು. ಅಹಮದೀಯ ಪಂಗಡದ ಮುಸಲ್ಮಾನನು. ಗಿರಾಕಿಗಳನ್ನು ನಗುಮೊಗದಿಂದ ಬರಮಾಡಿಕೊಳ್ಳುವುದು, ಅವರ ಕ್ಷೇಮಸಮಾಚಾರವನ್ನು ಕೇಳುವುದು, ಕ್ರಿಸ್‌ಮಸ್ ಹಬ್ಬಕ್ಕೆ ಶುಭಾಶಯಪತ್ರಗಳನ್ನು ಕೊಡುವುದು, ಇವೇ ಆತನ ನಡತೆಯನ್ನು ಕುರಿತು ನೆರೆಯವರು ಆಮೇಲೆ ನೆನೆದು ಹೇಳಿಕೊಂಡ ಸಂಗತಿಗಳು. ಆ ವರ್ಷದ ಮಾರ್ಚಿ ತಿಂಗಳ 24ನೆಯ ತಾರೀಖು ಗುರುವಾರ. ಮರುದಿನ ಕ್ರೈಸ್ತರ ಗುಡ್ ಫ್ರೈಡೇ. ಅಂದು ಆತನು ತನ್ನ ಫೇಸ್‌ಬುಕ್ ಪುಟದಲ್ಲಿ, ತಾನು ಪ್ರೀತಿಸುವ ಕ್ರೈಸ್ತಜನಾಂಗಕ್ಕೆ ಹಬ್ಬದ ಶುಭವನ್ನು ಹಾರೈಸಿದನು. ಅದೇ ರಾತ್ರಿ ಅಂಗಡಿಗೆ ಬಂದ ಒಬ್ಬನು ಆತನನ್ನು ಚೂರಿಯಿಂದ ಇರಿದು ಕೊಂದನು.

ಮರುದಿನವೇ ನೂರಾರು ಜನರು ಆ ಅಂಗಡಿಯ ಬಳಿ ನೆರೆದು ಹೂಗಳನ್ನಿಟ್ಟು ಮೇಣದ ಬತ್ತಿಗಳನ್ನು ಹಚ್ಚಿ ಮೌನವಾಗಿ ನಿಂತರು. ಆಗ ಸ್ಕಾಟ್ಲೆಂಡಿನ ಪ್ರಥಮ ಸಚಿವೆಯಾಗಿದ್ದ ನಿಕೋಲಾ ಸ್ಟರ್ಜನ್ ಅವರೂ ಆ ಗುಂಪಿನಲ್ಲಿ ಬಂದು ಸೇರಿದರು. ಮೃತನ ಕುಟುಂಬಕ್ಕೆಂದು ಅಂತರಜಾಲದ ಮೂಲಕ ಎತ್ತಿದ ವಂತಿಗೆಯು ಕೆಲವೇ ದಿನಗಳಲ್ಲಿ ಒಂದು ಲಕ್ಷ ಪೌಂಡುಗಳಿಗೆ ಮೀರಿತು. ಸತ್ತವನು ದೊರೆಯಲ್ಲ, ಕವಿಯಲ್ಲ, ಜನನಾಯಕನಲ್ಲ, ಪತ್ರಿಕೆ ಮಾರುತ್ತಿದ್ದವನು. ಅತ್ತವರು ಆತನ ಬಂಧುಗಳಲ್ಲ. ಚಿಲ್ಲರೆಯನ್ನು ಎಣಿಸಿ ಕೊಟ್ಟು ಪತ್ರಿಕೆ ಕೊಂಡುಕೊಂಡು ಹೋಗುತ್ತಿದ್ದವರು.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ವರ್ತಕನ ಸವಿಮಾತು ವ್ಯಾಪಾರದ ಒಂದು ಸಾಧನವಷ್ಟೆ. ನಗುವ ಅಂಗಡಿಯವನ ಬಳಿಗೆ ಗಿರಾಕಿಗಳು ಹೆಚ್ಚಾಗಿ ಬರುವರು. ಲಾಭಕ್ಕಾಗಿ ತೋರಿಸಿದ ಸೌಜನ್ಯಕ್ಕೆ ಕಣ್ಣೀರಿನ ಕಾಣಿಕೆಯೇತಕ್ಕೆ? ಯವನತತ್ತ್ವಜ್ಞನಾದ ಅರಿಸ್ಟಾಟಲನೂ ಸ್ನೇಹವನ್ನು ಮೂರು ತೆರನಾಗಿ ವಿಂಗಡಿಸಿ, ಪ್ರಯೋಜನಕ್ಕಾಗಿ ಕೂಡಿದ ಸ್ನೇಹವು ಪ್ರಯೋಜನವು ತೀರಿದೊಡನೆ ತೀರುವುದೆಂದು ಅದಕ್ಕೆ ಕೆಳಗಿನ ಸ್ಥಾನವನ್ನೇ ಕೊಟ್ಟಿರುವನು. ಆದರೆ ಆ ನಿಯಮವು ಇಲ್ಲಿ ಹೊಂದಿಕೊಳ್ಳಲಿಲ್ಲವೆಂಬುದನ್ನು ಗಮನಿಸಬೇಕು. ಪ್ರಯೋಜನಕ್ಕಾಗಿ ಬಂದವರಾದರೆ ಮರುದಿನ ಬೇರೊಂದು ಅಂಗಡಿಯನ್ನು ಅರಸಿ ಹೋಗಬೇಕಾಗಿತ್ತು. ಅವರು ಮುಚ್ಚಿದ ಅಂಗಡಿಯ ಮುಂದೆಯೇ ನಿಂತರು. ಆದಕಾರಣ ಅವರು ಬೆಲೆ ಕೊಟ್ಟು ಕೊಂಡ ಪದಾರ್ಥದ ಜೊತೆಗೆ, ಬೆಲೆಯಿಲ್ಲದ ಇನ್ನೇನನ್ನೋ ಆ ಅಂಗಡಿಯಿಂದ ಪಡೆಯುತ್ತಿದ್ದರೆಂದೇ ಊಹಿಸಬೇಕಾಗುವುದು.

ಅದೇನೆಂಬುದನ್ನು ತಿಳಿಯಲು ಮಹಾಭಾರತದ ಶಾಂತಿಪರ್ವದಲ್ಲಿ ಬರುವ ತುಲಾಧಾರ-ಜಾಜಲಿ ಸಂವಾದವು ಬಹಳ ಸಹಾಯಕವಾಗಿದೆ. ಜಾಜಲಿಯು ಮರದ ಕಂಬದಂತೆ ಅಲುಗದೆ ನಿಂತು ತಪಸ್ಸು ಮಾಡಿದವನು. ಹಕ್ಕಿಗಳು ಅವನ ಜಟೆಯಲ್ಲಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಮಾಡಿ, ಆ ಮರಿಗಳು ರೆಕ್ಕೆ ಬಲಿತು ಹಾರಿಹೋಗುವವರೆಗೂ ಅವನು ಕದಲಲಿಲ್ಲ. ತರುವಾಯ ತನಗೆ ಧರ್ಮವು ಸಿದ್ಧಿಸಿತೆಂದು ಅವನು ಹಿಗ್ಗಲು, ವಾರಾಣಸಿಯ ತುಲಾಧಾರನಿಗೆ ನೀನು ಸಮನಲ್ಲವೆಂಬ ವಾಣಿಯು ಕೇಳಿಸಿತು. ಹೋಗಿ ನೋಡಿದರೆ ತುಲಾಧಾರನು ಅಂಗಡಿಯಲ್ಲಿ ಕುಳಿತು ಗಂಧದ್ರವ್ಯ ಮೊದಲಾದುವನ್ನು ಮಾರುತ್ತಿದ್ದ ವೈಶ್ಯನು! ಆ ವರ್ತಕನು ಆ ತಪಸ್ವಿಗೆ ಮಾಡಿದ ಉಪದೇಶದ ಸಾರಾಂಶವಿಷ್ಟೆ: ಮೋಸವಿಲ್ಲದೆ ಕೊಳ್ಳುವೆನು, ಮೋಸವಿಲ್ಲದೆ ಮಾರುವೆನು, ನನ್ನ ತಕ್ಕಡಿಯು ಸಮಸ್ತರಿಗೂ ಸಮವಾಗಿ ನಿಲ್ಲುತ್ತದೆ.

ತಕ್ಕಡಿಯು ಇಲ್ಲಿ ಕೇವಲ ತೂಕದ ಉಪಕರಣವಲ್ಲ. ಅಂಗಡಿಯ ಹೊಸ್ತಿಲನ್ನು ದಾಟಿ ಬಂದವನು ಯಾವ ಮತದವನು, ಯಾವ ಅಂತಸ್ತಿನವನು ಎಂಬ ವಿಚಾರವು ತಕ್ಕಡಿಗೆ ಬೇಡ. ದೇವಾಲಯ, ಮಸೀದಿ, ಇಗರ್ಜಿಗಳಿಗೆ ಆಯಾ ಮತದವರು ಮಾತ್ರ ಹೋಗುವರು. ಮನೆಗೆ ನಂಟರಿಷ್ಟರು ಹೋಗುವರು. ಎಲ್ಲರೂ ಎಗ್ಗಿಲ್ಲದೆ ಹೋಗಬಹುದಾದ ಸ್ಥಳಗಳಲ್ಲಿ ಸಣ್ಣ ಅಂಗಡಿಯೂ ಒಂದು. ಅಲ್ಲಿ ಕುಳಿತವನು ಬಂದವರೆಲ್ಲರನ್ನೂ ಸಮನಾಗಿ ಕಂಡು, ಅವರವರ ಕಷ್ಟಸುಖಗಳನ್ನು ನೆನಪಿನಲ್ಲಿಟ್ಟುಕೊಂಡು ಮಾತನಾಡಿಸಿದರೆ, ಒಬ್ಬರನ್ನೊಬ್ಬರು ಅರಿಯದ ಆ ಬೀದಿಯವರೆಲ್ಲರಿಗೂ ಅವನೊಬ್ಬನು ಪರಿಚಿತನಾಗುವನು. ಒಬ್ಬನೇ ಬಾಳುತ್ತಿರುವ ವೃದ್ಧನಿಗೆ ಆ ದಿನ ತನ್ನ ಕ್ಷೇಮವನ್ನು ವಿಚಾರಿಸಿದವನು ಅವನೊಬ್ಬನೇ ಆಗಿರುವುದೂ ಅಸಂಭವವಲ್ಲ. ವ್ಯಾಪಾರವು ನಡೆಯುವುದಕ್ಕೆ ಇಷ್ಟು ಅಗತ್ಯವಿಲ್ಲ. ಬೆಲೆಯನ್ನು ಹೇಳಿ ಹಣವನ್ನು ಪಡೆದರೆ ಸಾಕು. ಇದಕ್ಕೆ ಮೇಲಾಗಿ ಸಂದದ್ದೇ ಬೆಲೆಯಿಲ್ಲದ ಆ ಪದಾರ್ಥವು. ಅದಕ್ಕೆ ಪ್ರತಿಯಾಗಿ ಏನೂ ಸಲ್ಲಲಿಲ್ಲವಾದುದರಿಂದಲೇ ಅದು ಬಾಕಿಯಾಗಿ ಉಳಿಯಿತು.

ಆದರೆ ತುಲಾಧಾರನ ಉಪದೇಶದಲ್ಲಿಯೇ ಒಂದು ತೊಡಕುಂಟು. ಅದನ್ನು ಮರೆಮಾಚಿ ಮುಂದೆ ಸಾಗುವುದು ಸರಿಯಲ್ಲ. ಯಾವನಿಂದ ಯಾವ ಪ್ರಾಣಿಗೂ ಭಯವಿಲ್ಲವೋ ಅವನಿಗೆ ಸರ್ವಪ್ರಾಣಿಗಳಿಂದಲೂ ಅಭಯವು ದೊರೆಯುವುದೆಂದು ಆತನು ಜಾಜಲಿಗೆ ಹೇಳುತ್ತಾನೆ. ಗ್ಲಾಸ್ಗೋವಿನ ವರ್ತಕನಿಂದ ಯಾರಿಗೂ ಭಯವಿರಲಿಲ್ಲ. ಆತನಿಗೆ ಅಭಯವು ದೊರೆಯಲಿಲ್ಲ. ಹಾಗಾದರೆ ಶಾಂತಿಪರ್ವದ ಮಾತು ಸುಳ್ಳಾಯಿತೆ? ಸಜ್ಜನನಾಗಿರುವುದಕ್ಕೆ ರಕ್ಷಣೆಯೇ ಇಲ್ಲವೆ?

ಇದಕ್ಕೆ ಉತ್ತರವನ್ನು ಹೇಳುವ ಮೊದಲು ಕೊಂದವನಾರು, ಏಕೆ ಕೊಂದನು ಎಂಬುದನ್ನು ನೋಡಬೇಕು. ಹಬ್ಬದ ಶುಭಾಶಯವೇ ಕೊಲೆಗೆ ಕಾರಣವೆಂದು ಮೊದಲು ಹಲವರು ಭಾವಿಸಿದರು. ಆದರೆ ಕೊಂದವನು ತನ್ನ ವಕೀಲನ ಮುಖಾಂತರ ಹೊರಡಿಸಿದ ಹೇಳಿಕೆಯಲ್ಲಿ, ಆ ವರ್ತಕನು ತಾನೇ ಪ್ರವಾದಿಯೆಂದು ಹೇಳಿಕೊಂಡು ತನ್ನ ಮತಕ್ಕೆ ಅಗೌರವ ಮಾಡಿದನೆಂದೂ, ಕ್ರೈಸ್ತಮತಕ್ಕೂ ತನ್ನ ಕೃತ್ಯಕ್ಕೂ ಸಂಬಂಧವಿಲ್ಲವೆಂದೂ ತಿಳಿಸಿದನು. ಅವನೂ ಮುಸಲ್ಮಾನನೇ, ಆದರೆ ಬೇರೆ ಪಂಗಡದವನು. ಆ ಬೀದಿಯವನಲ್ಲ, ಆ ಊರಿನವನೂ ಅಲ್ಲ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಎಂಬ ಊರಿನಿಂದ ಸುಮಾರು 200 ಮೈಲಿಗಳ ದೂರವನ್ನು ಮೋಟಾರುಗಾಡಿಯಲ್ಲಿ ಕ್ರಮಿಸಿ ಬಂದವನು. ಆ ವರ್ತಕನು ಅಂತರಜಾಲದಲ್ಲಿ ಪ್ರಕಟಿಸಿದ್ದ ಚಲಚ್ಚಿತ್ರಗಳಿಂದಲೇ ಅವನಿಗೆ ಆತನ ಪರಿಚಯವಾದದ್ದು. ಪ್ರತಿದಿನವೂ ಕಂಡವರು ಆತನಲ್ಲಿ ಒಬ್ಬ ಮನುಷ್ಯನನ್ನು ಕಂಡರು. ದೂರದಿಂದ ಕಂಡವನು ಖಂಡಿಸಬೇಕಾದ ಒಂದು ಮತವನ್ನು ಮಾತ್ರ ಕಂಡನು. ಮತವನ್ನು ಖಂಡಿಸುವುದಕ್ಕೆ ವಾಕ್ಯಾರ್ಥವುಂಟು. ನಮ್ಮ ಪ್ರಾಚೀನರಾದರೂ ಪರಮತಖಂಡನೆಯಲ್ಲಿ ಯಾರಿಗೂ ಕಡಿಮೆಯಾಗಿರಲಿಲ್ಲ. ಆದರೆ ಪ್ರತಿವಾದಿಯ ಮಾತನ್ನು ಖಂಡಿಸುವುದು ಬೇರೆ, ಅವನ ಮೈಯನ್ನು ಖಂಡಿಸುವುದು ಬೇರೆ. ಈ ಎರಡರ ಭೇದವು ಮರೆತುಹೋದಲ್ಲಿ ಮತವೂ ಉಳಿಯದು, ಮನುಷ್ಯನೂ ಉಳಿಯಲಾರನು.

ಈಗ ತೊಡಕಿಗೆ ಬರೋಣ. ಅಭಯವನ್ನು ಕೊಟ್ಟವನಿಗೆ ಅಭಯವು ದೊರೆಯುವುದೆಂಬ ಮಾತನ್ನು, ಬೆಂಕಿಯು ಸುಡುವುದು ಎಂಬಂತಹ ಪ್ರಕೃತಿನಿಯಮವೆಂದು ತಿಳಿದರೆ ಅದು ದಿನವೂ ಸುಳ್ಳಾಗುತ್ತಿರುವುದು. ಅದನ್ನು ಒಂದು ವಿಧಿಯೆಂದು ತಿಳಿಯಬೇಕೆಂದು ನಮಗೆ ತೋರುತ್ತದೆ. ಎಂದರೆ, ಅಭಯವನ್ನು ಪಡೆದವರೆಲ್ಲರೂ ಅದನ್ನು ಕೊಟ್ಟವನಿಗೆ ಹಿಂದಕ್ಕೆ ಕೊಡತಕ್ಕವರು. ಅದು ತಾನಾಗಿ ಆಕಾಶದಿಂದ ಇಳಿದು ಬರುವುದಿಲ್ಲ. ಪಡೆದವರ ಕೈಯಿಂದಲೇ ಬರಬೇಕು. ಪಡೆದವರು ಕೊಡದಿದ್ದರೆ ಅಥವಾ ಕೊಡಲು ಶಕ್ತರಾಗದಿದ್ದರೆ ಋಣವು ನಿಂತಿತೇ ಹೊರತು ಧರ್ಮವು ಸುಳ್ಳಾಗಲಿಲ್ಲ.

ಹುಟ್ಟಿದ ಮಾನವನು ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತೇ ಹುಟ್ಟುವನೆಂಬುದು ಪ್ರಸಿದ್ಧವಾಗಿದೆ. ಇವುಗಳ ಜೊತೆಗೆ ಶತಪಥಬ್ರಾಹ್ಮಣವು ನಾಲ್ಕನೆಯದಾಗಿ ಮನುಷ್ಯಋಣವನ್ನೂ ಹೇಳಿರುವುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಮೊದಲಿನವು ಯಜ್ಞ, ಅಧ್ಯಯನ, ಸಂತತಿಗಳಿಂದ ತೀರತಕ್ಕವು. ಮನುಷ್ಯಋಣವು ತೀರುವ ಬಗೆಯೇನು? ಮನುಷ್ಯರಿಗೆ ಇರಲು ಎಡೆಯನ್ನು ಕೊಡುವುದು, ಉಣ್ಣಲು ಅನ್ನವನ್ನು ಕೊಡುವುದು. ಎಡೆಯನ್ನು ಕೊಡುವುದೆಂದರೆ ಒಂದು ರಾತ್ರಿ ಜಗಲಿಯನ್ನು ಬಿಟ್ಟುಕೊಡುವುದು ಮಾತ್ರವೆಂದು ತಿಳಿಯಬೇಕಾಗಿಲ್ಲ. ಭಯವಿಲ್ಲದೆ ಬದುಕಬಹುದಾದ ಠಾವೇ ನಿಜವಾದ ಎಡೆಯು. ಭಯವಿರುವಲ್ಲಿ ನಾಲ್ಕು ಗೋಡೆಗಳಿದ್ದರೂ ವಾಸವಿಲ್ಲ.

ಅಹಮದೀಯ ಪಂಗಡದವರ ಚರಿತ್ರೆಯನ್ನು ಬಲ್ಲವರಿಗೆ ಈ ಮಾತಿನ ತೂಕವು ತಿಳಿದೀತು. 1889ರಲ್ಲಿ ಪಂಜಾಬಿನ ಲುಧಿಯಾನದಲ್ಲಿ ಮಿರ್ಜಾ ಗುಲಾಮ್ ಅಹಮದರು ಪ್ರವರ್ತಿಸಿದ ಈ ಪಂಗಡವನ್ನು ಪಾಕಿಸ್ತಾನವು 1974ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ ಮುಸಲ್ಮಾನೇತರವೆಂದು ಸಾರಿತು. 1984ರ ಒಂದು ಶಾಸನದಿಂದ, ಅವರು ತಮ್ಮನ್ನು ಮುಸಲ್ಮಾನರೆಂದು ಕರೆದುಕೊಳ್ಳುವುದೂ ತಮ್ಮ ಪ್ರಾರ್ಥನಾಮಂದಿರವನ್ನು ಮಸೀದಿಯೆನ್ನುವುದೂ ದಂಡನಾರ್ಹವಾದ ಅಪರಾಧವಾಯಿತು. ಅಂತಹ ನೆಲದಿಂದ ಬಂದವರು ಪರದೇಶದಲ್ಲಿ ಅರಸಿದ್ದು ಐಶ್ವರ್ಯಕ್ಕಿಂತ ಮೊದಲು ಅಭಯವನ್ನು. ಗ್ಲಾಸ್ಗೋವಿನ ಬೀದಿಯು ಅದನ್ನು ಬಹುಕಾಲ ಕೊಟ್ಟಿತು. ಒಂದು ರಾತ್ರಿ ಹೊರಗಿನಿಂದ ಬಂದವನು ಅದನ್ನು ಕಸಿದನು.

ಕೊಂದವನ ಲೆಕ್ಕವನ್ನು ರಾಜದಂಡವು ನೋಡಿಕೊಂಡಿತು. ಅವನು ಅಪರಾಧವನ್ನು ಒಪ್ಪಿಕೊಂಡನು. 2016ರ ಆಗಸ್ಟ್ 9ರಂದು ಗ್ಲಾಸ್ಗೋವಿನ ಉಚ್ಚನ್ಯಾಯಾಲಯವು ಅವನಿಗೆ ಆಜೀವ ಕಾರಾಗೃಹವಾಸವನ್ನೂ, ಅದರಲ್ಲಿ ಕನಿಷ್ಠಪಕ್ಷ 27 ವರ್ಷಗಳು ಕಳೆಯುವ ಮುನ್ನ ಬಿಡುಗಡೆಯ ಮಾತಿಲ್ಲವೆಂಬುದನ್ನೂ ವಿಧಿಸಿತು. ಆದರೆ ಅದೇ ವ್ಯವಹಾರದಲ್ಲಿ ನ್ಯಾಯಾಲಯದ ಮುಂದೆ ಬಂದ ಇನ್ನೊಂದು ಸಂಗತಿಯು, ದೀಪ ಹಚ್ಚಿ ನಿಂತವರಿಗೆ ತೀರ್ಪಿಗಿಂತಲೂ ಕಠಿನವಾದದ್ದು. ಮೃತನ ಕುಟುಂಬದವರಲ್ಲಿ ಬಹುಪಾಲು ಎಲ್ಲರೂ ಪ್ರಾಣಭಯದಿಂದ ಸ್ಕಾಟ್ಲೆಂಡನ್ನೇ ಬಿಟ್ಟುಹೋಗಲು ನಿಶ್ಚಯಿಸಿರುವರೆಂದು ಅಲ್ಲಿ ತಿಳಿಸಲಾಯಿತು. ಹೂಗಳಿದ್ದುವು, ದೀಪಗಳಿದ್ದುವು, ಲಕ್ಷ ಪೌಂಡುಗಳ ವಂತಿಗೆಯಿತ್ತು, ಪ್ರಥಮ ಸಚಿವೆಯೇ ಬಂದು ನಿಂತಿದ್ದರು. ಇದ್ದವರಿಗೆ ಬೇಕಾಗಿದ್ದ ಒಂದು ಪದಾರ್ಥವು ಮಾತ್ರ ಅದರಲ್ಲಿರಲಿಲ್ಲ.

ಇದನ್ನು ಹಿಡಿದುಕೊಂಡು ಆ ಜನರ ದುಃಖವು ಬರಿಯ ತೋರಿಕೆಯೆಂದು ಹಳಿಯುವವರೂ ಇರಬಹುದು. ಅದು ಅನ್ಯಾಯವು. ಇನ್ನೂರು ಮೈಲಿ ದೂರದಲ್ಲಿ ಮಸೆದ ಚೂರಿಯನ್ನು ಷಾಲೆಂಡ್ಸಿನ ಜನರು ತಡೆಯುವ ಬಗೆಯೆಂತು? ತೀರಿಸಲಾರದ ಋಣವೂ ಋಣವೇ. ತೀರಿಸಲಾರೆನೆಂದು ನೊಂದು ನಿಂತವನು, ಋಣವೇ ಇಲ್ಲವೆಂದು ನಡೆದುಹೋದವನಿಗಿಂತ ಎಷ್ಟೋ ಮೇಲು. ಆದರೆ ಆ ನೋವಿನಲ್ಲಿಯೇ ನಿಂತುಬಿಡುವುದೂ ತರವಲ್ಲ. ತಂದೆಯ ಋಣವನ್ನು ತಂದೆಗೇ ಹಿಂದಕ್ಕೆ ಕೊಡುವುದು ಯಾರಿಗೂ ಸಾಧ್ಯವಾಗುವುದಿಲ್ಲ; ಮಕ್ಕಳನ್ನು ಸಾಕಿ ತೀರಿಸುತ್ತೇವೆ. ಗುರುವಿನಿಂದ ಪಡೆದುದನ್ನು ಶಿಷ್ಯರಿಗೆ ಕೊಟ್ಟು ತೀರಿಸುತ್ತೇವೆ. ಪಡೆದವನಿಗೇ ಹಿಂದಿರುಗಿಸದೆ ಮುಂದಿನವನಿಗೆ ಒಪ್ಪಿಸುವುದೇ ಈ ಬಗೆಯ ಋಣಗಳ ಸ್ವಭಾವವು. ಮನುಷ್ಯಋಣವೂ ಅಂತಹುದೇ. ಸತ್ತ ವರ್ತಕನಿಗೆ ಕೊಡಲಾಗದ ಅಭಯವನ್ನು, ಅದೇ ಬೀದಿಗೆ ಮುಂದೆ ಬಂದು ಅಂಗಡಿ ತೆರೆಯುವ ಪರದೇಶಿಗೆ ಕೊಡಬಹುದು. ಕೊಂದವನ ಮತದವನೆಂಬ ಒಂದೇ ಕಾರಣದಿಂದ ನಿರಪರಾಧಿಯೊಬ್ಬನನ್ನು ಅನುಮಾನದಿಂದ ನೋಡದಿರುವುದೂ ಅದೇ ಋಣದ ಒಂದು ಕಂತು. ಆತನು ನಡುವೆ ಕುಳಿತು ಎಲ್ಲರನ್ನೂ ವಿಚಾರಿಸುತ್ತಿದ್ದನು. ಈಗ ಆ ನಡುವಿನ ಸ್ಥಾನವು ಬರಿದಾಗಿರಲಾಗಿ, ನೆರೆಯವರು ಒಬ್ಬರನ್ನೊಬ್ಬರು ತಾವೇ ವಿಚಾರಿಸಿಕೊಳ್ಳಬೇಕಾಗುವುದು.

ಆದುದರಿಂದ ಬೆಲೆ ತೆತ್ತ ಮೇಲೂ ಋಣವು ಉಳಿಯುವುದೆಂದೇ ಸಿದ್ಧಾಂತವು. ಅದು ಅಂಗಡಿಯವನು ಬರೆದಿಟ್ಟುಕೊಂಡ ಬಾಕಿಯಲ್ಲ; ಅವನು ಎಂದೂ ಕೇಳಿದ್ದೂ ಅಲ್ಲ. ಇರುವಾಗ ಅದರ ಅರಿವೂ ನಮಗಾಗುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ತಿಳಿಯುತ್ತದೆ. ಹಾಗೆ ತಿಳಿದಾಗ ಬರುವ ಕಣ್ಣೀರು ಆ ಋಣವನ್ನು ಒಪ್ಪಿಕೊಂಡುದಕ್ಕೆ ಹಾಕಿದ ರುಜುವಷ್ಟೇ ಹೊರತು ಸಲ್ಲಾವಣೆಯಲ್ಲ. ಸಲ್ಲಿಸುವ ಕಾರ್ಯವು ಮರುದಿನ ಬೆಳಗ್ಗೆ, ಇನ್ನೊಬ್ಬನ ಅಂಗಡಿಯ ಹೊಸ್ತಿಲಲ್ಲಿ, ಅವನನ್ನು ಹೆಸರು ಹಿಡಿದು ಕರೆದು ಕ್ಷೇಮವನ್ನು ಕೇಳುವುದರಿಂದ ಮೊದಲಾಗುತ್ತದೆ.